ಜಿಂಕೆಗೂ ಕಯೋಟಿಗೂ ಒಂದೇ ರೈಫಲ್: ಕ್ಯಾಲಿಬರ್ ಆರಿಸುವ ಬಗೆ

ಕಯೋಟಿ (ತೋಳವನ್ನು ಹೋಲುವ ಅಮೆರಿಕದ ಕಾಡುಪ್ರಾಣಿ), ನರಿ, ಬಾಬ್‌ಕ್ಯಾಟ್ (ಕಾಡುಬೆಕ್ಕಿನ ಒಂದು ಜಾತಿ) ಇಂತಹ ಪರಭಕ್ಷಕಗಳ ಬೇಟೆಗೂ ಜಿಂಕೆಯ ಬೇಟೆಗೂ ಒಂದೇ ರೈಫಲ್ ಇಟ್ಟುಕೊಳ್ಳಬೇಕೆನ್ನುವವರು, ಆ ಎರಡು ಕೆಲಸಗಳು ಗುಂಡಿನಿಂದ ಬಯಸುವುದು ಒಂದಕ್ಕೊಂದು ವಿರುದ್ಧವಾದುದನ್ನು ಎಂಬುದನ್ನು ಮೊದಲು ಮನಗಾಣಬೇಕು. ಕಯೋಟಿಯ ತೂಕ ಸಾಮಾನ್ಯವಾಗಿ 10ರಿಂದ 20 ಕಿಲೋ. ಮೈ ಸಪೂರ, ಎಲುಬು ಹಗುರ, ಪ್ರಾಣಕ್ಕೆ ಎರವಾಗುವ ಜಾಗವೆಂದರೆ ಎದೆಯಲ್ಲಿ ನಾಲ್ಕೈದು ಇಂಚಿನಷ್ಟು ಮಾತ್ರ. ಅದಕ್ಕೆ ಬೇಕಾದದ್ದು ಹಗುರವಾದ, ಬಹಳ ವೇಗವಾಗಿ ಹೋಗುವ, ಒಳಹೊಕ್ಕೊಡನೆ ಒಡೆದು ಚೂರಾಗುವ ಗುಂಡು. ಬಾಲದ ಕೆಳಗೆ ಬಿಳಿಯಿರುವ ಅಮೆರಿಕದ ವೈಟ್‌ಟೇಲ್ ಜಿಂಕೆಯ ದೊಡ್ಡ ಗಂಡು 100 ಕಿಲೋ ದಾಟುವುದುಂಟು. ಅದರ ಭುಜದ ಮೂಳೆ, ಸ್ನಾಯು, ಪಕ್ಕೆಲುಬುಗಳನ್ನು ದಾಟಿ ಶ್ವಾಸಕೋಶದವರೆಗೆ, ಸಾಧ್ಯವಾದರೆ ಆಚೆ ಬದಿಯವರೆಗೆ, ಚೂರಾಗದೆ ಹೋಗುವ ಗುಂಡು ಬೇಕು.

ಈ ಎರಡರ ನಡುವೆ ಯಾವುದಕ್ಕೆ ಮೊದಲ ಮಣೆ ಎಂದು ಕೇಳಿದರೆ ನನ್ನ ಉತ್ತರ ಜಿಂಕೆಗೆ ಎಂದೇ. ಅಗತ್ಯಕ್ಕಿಂತ ದೊಡ್ಡ ಗುಂಡು ತಗುಲಿದ ಕಯೋಟಿ ನಿಂತಲ್ಲೇ ಸಾಯುತ್ತದೆ, ಹೆಚ್ಚೆಂದರೆ ತೊಗಲು ಹಾಳಾಗುತ್ತದೆ. ಅಗತ್ಯಕ್ಕಿಂತ ಚಿಕ್ಕ ಅಥವಾ ಮೆದುವಾದ ಗುಂಡು ಭುಜಕ್ಕೆ ತಗುಲಿದ ಜಿಂಕೆಯಾದರೋ ಮೇಲ್ಮೈಯ ಗಾಯದೊಡನೆ ಓಡಿಹೋಗಿ, ರಕ್ತದ ಜಾಡೂ ಸಿಗದಂತೆ, ಯಾವುದೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯಬಹುದು. ಆದ್ದರಿಂದ ಜಿಂಕೆಗೆ ಸಾಕಾಗುವಷ್ಟನ್ನು ಮೊದಲು ನಿಗದಿ ಮಾಡಿಕೊಂಡು, ಆ ಮಿತಿಯೊಳಗೆ ಕಯೋಟಿಗೆ ಎಷ್ಟು ಚೆನ್ನಾಗಿ ಒಗ್ಗೀತು ಎಂದು ನೋಡುವುದು ಸರಿಯಾದ ಕ್ರಮ.

ನಳಿಗೆಯ ಮೇಲಿನ ಬರಹ

ಕ್ಯಾಲಿಬರ್ ಎಂಬುದು ಗುಂಡಿನ ಅಥವಾ ನಳಿಗೆಯ ಒಳವ್ಯಾಸದ ಅಳತೆ. ಕಾರ್ಟ್ರಿಡ್ಜ್ ಎಂಬುದು ಹಿತ್ತಾಳೆಯ ಕೋಶ, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಪುಟ್ಟ ಭಾಗ), ಮದ್ದು, ಗುಂಡು ಎಲ್ಲವೂ ಸೇರಿದ ತೋಟಾ. ಮಾತಿನಲ್ಲಿ ಎರಡನ್ನೂ ಕ್ಯಾಲಿಬರ್ ಎಂದೇ ಕರೆಯುವ ರೂಢಿಯಿದ್ದರೂ ತೋಟಾ ಕೊಳ್ಳುವಾಗ ಈ ವ್ಯತ್ಯಾಸವನ್ನು ಮರೆಯಬಾರದು. .223 ರೆಮಿಂಗ್ಟನ್ ಮತ್ತು .22-250 ರೆಮಿಂಗ್ಟನ್ ಎರಡರ ಗುಂಡಿನ ವ್ಯಾಸವೂ 0.224 ಇಂಚು; .243 ವಿಂಚೆಸ್ಟರ್ ಮತ್ತು 6ಎಂಎಂ ರೆಮಿಂಗ್ಟನ್ ಎರಡರದೂ 0.243 ಇಂಚು. ಹಾಗಿದ್ದರೂ ಒಂದರ ತೋಟಾವನ್ನು ಇನ್ನೊಂದರ ರೈಫಲ್ಲಿನಲ್ಲಿ ಹಾರಿಸುವಂತಿಲ್ಲ. ನಳಿಗೆಯ ಮೇಲೆ ಕೊರೆದಿರುವ ಹೆಸರು ಮತ್ತು ತೋಟಾದ ಬುಡದಲ್ಲಿ ಒತ್ತಿರುವ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ಇದರಲ್ಲಿ ಅತಿ ಅಪಾಯಕಾರಿಯಾದ ಜೋಡಿಯೆಂದರೆ .223 ಮತ್ತು .300 ಬ್ಲ್ಯಾಕ್‌ಔಟ್. ಎರಡನೆಯದರ ತೋಟಾ ಮೊದಲನೆಯದರ ಮ್ಯಾಗಜೀನಿನಲ್ಲಿ ಸಲೀಸಾಗಿ ಕೂರುತ್ತದೆ, ಕೆಲವೊಮ್ಮೆ ಚೇಂಬರಿನೊಳಕ್ಕೂ (ಹಾರಿಸುವಾಗ ತೋಟಾ ಕೂರುವ ಜಾಗಕ್ಕೂ) ಹೋಗಿಬಿಡುತ್ತದೆ; ಹಾರಿಸಿದರೆ ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ಸಿಕ್ಕಿ ರೈಫಲ್ ಸಿಡಿಯುತ್ತದೆ. ಈ ಎರಡೂ ಮನೆಯಲ್ಲಿದ್ದರೆ ಅವುಗಳ ತೋಟಾಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಡಬೇಕು, ಎರಡನ್ನೂ ಒಂದೇ ದಿನ ಹೊರಗೆ ಒಯ್ಯಬಾರದು.

ಕಾನೂನು ಹಾಕಿರುವ ಗೆರೆ

ಬೇಟೆಗೆ ಪರವಾನಗಿ ಕೊಡುವ ಪ್ರದೇಶಗಳಲ್ಲಿ ಜಿಂಕೆಗೆ ಕನಿಷ್ಠ ಎಷ್ಟು ಕ್ಯಾಲಿಬರ್ ಎಂಬುದನ್ನು ಹೆಚ್ಚಿನ ಕಡೆ ಕಾನೂನೇ ಹೇಳುತ್ತದೆ, ಮತ್ತು ಈ ನಿಯಮಗಳು ಒಂದೆಡೆಯಿಂದ ಇನ್ನೊಂದೆಡೆಗೆ ಬಹಳ ಬೇರೆಯಾಗುತ್ತವೆ. ಟೆಕ್ಸಸ್‌ನಲ್ಲಿ ಸೆಂಟರ್‌ಫೈರ್ (ಪ್ರೈಮರ್ ಕೋಶದ ಬುಡದ ನಡುವಿನಲ್ಲಿರುವ ಬಗೆ) ಆಗಿದ್ದರೆ .223 ಕೂಡ ಜಿಂಕೆಗೆ ಸಲ್ಲುತ್ತದೆ. ವರ್ಜೀನಿಯಾ .23 ಕ್ಯಾಲಿಬರಿಗಿಂತ ಚಿಕ್ಕದನ್ನು ಒಪ್ಪುವುದಿಲ್ಲ. ಕೊಲರಾಡೊದಲ್ಲಿ ಕನಿಷ್ಠ .24 ಕ್ಯಾಲಿಬರ್, ಜಿಂಕೆಗೆ ಕನಿಷ್ಠ 70 ಗ್ರೇನ್ (ಸುಮಾರು 4.5 ಗ್ರಾಂ) ತೂಕದ ಗುಂಡು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1991ರ ಜಿಂಕೆ ಕಾಯ್ದೆಯ ಪ್ರಕಾರ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚು ಮತ್ತು ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡ್ ಕನಿಷ್ಠ. ಓಹಾಯೋದಂತಹ ಸಮತಟ್ಟಾದ, ಜನವಸತಿ ಹೆಚ್ಚಿರುವ ರಾಜ್ಯದಲ್ಲಿ ಜಿಂಕೆಗೆ ರೈಫಲ್ಲೇ ಸಲ್ಲುತ್ತಿರಲಿಲ್ಲ. 2014ರಿಂದ ನೇರಗೋಡೆಯ (ಕತ್ತಿನ ಬಳಿ ಕಿರಿದಾಗದ) ಕೋಶವಿರುವ ಕಾರ್ಟ್ರಿಡ್ಜ್‌ಗಳಿಗೆ ಅನುಮತಿ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ರೈಫಲ್ ಕೊಳ್ಳುವ ಮುನ್ನ ನೀವು ಬೇಟೆಯಾಡುವ ಪ್ರದೇಶದ ಆ ವರ್ಷದ ನಿಯಮಪುಸ್ತಕವನ್ನು ತೆರೆದು ಓದಬೇಕು. ಇವು ಬದಲಾಗುತ್ತಲೇ ಇರುತ್ತವೆ.

.22, .24 ಎಂಬ ಈ ಗೆರೆಯೇ ಬಹುಮಟ್ಟಿಗೆ ನಿಮ್ಮ ಆಯ್ಕೆಯನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ.

ಕ್ಯಾಲಿಬರಿಗಿಂತ ಮುಖ್ಯವಾದದ್ದು ಗುಂಡು

.243 ವಿಂಚೆಸ್ಟರಿನ ಎರಡು ತೋಟಾಗಳನ್ನು ಅಂಗೈಯ ಮೇಲಿಟ್ಟುಕೊಂಡು ನೋಡಿ. ಒಂದರ ತುದಿಯಲ್ಲಿ 58 ಗ್ರೇನ್ ತೂಕದ, ಪ್ಲಾಸ್ಟಿಕ್ ಮೊನೆಯ ಪುಟ್ಟ ಗುಂಡಿದೆ. ಇನ್ನೊಂದರಲ್ಲಿ 100 ಗ್ರೇನಿನ, ಮೂತಿಯಲ್ಲಿ ಸೀಸ ಇಣುಕುವ ಉದ್ದನೆಯ ಗುಂಡಿದೆ. ಹಿತ್ತಾಳೆಯ ಕೋಶ ಒಂದೇ, ಹಾರಿಸುವ ರೈಫಲ್ ಒಂದೇ. ಮೊದಲನೆಯದು ಸೆಕೆಂಡಿಗೆ ಸುಮಾರು 3,900 ಅಡಿ ವೇಗದಲ್ಲಿ ಹೊರಟು ಕಯೋಟಿಯ ಎದೆಯೊಳಗೆ ನುಚ್ಚುನೂರಾಗುತ್ತದೆ. ಎರಡನೆಯದು 2,960 ಅಡಿ ವೇಗದಲ್ಲಿ ಹೊರಟು, ಮೂತಿ ಅಣಬೆಯಂತೆ ಅರಳಿ, ಜಿಂಕೆಯ ಎದೆಗೂಡನ್ನು ಆರಪಾರು ದಾಟುತ್ತದೆ. ಈ ಎರಡನ್ನು ಅದಲುಬದಲು ಮಾಡಿದರೆ ಕ್ಯಾಲಿಬರ್ ಸರಿಯಿದ್ದೂ ಕೆಲಸ ಕೆಡುತ್ತದೆ. "ನನ್ನ .243 ಜಿಂಕೆಗೆ ಸಾಲಲಿಲ್ಲ" ಎಂಬ ದೂರು ಕೇಳಿದಾಗಲೆಲ್ಲ ನಾನು ಮೊದಲು ಕೇಳುವುದು ಗುಂಡು ಯಾವುದಿತ್ತು ಎಂದು.

ಗ್ರೇನ್ ಎಂದರೆ ಪೌಂಡಿನ 7,000ದಲ್ಲಿ ಒಂದು ಭಾಗ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಆದರೆ ತೂಕವೊಂದರಿಂದಲೇ ಗುಂಡಿನ ಗುಣ ತಿಳಿಯುವುದಿಲ್ಲ, ಒಳಗಿನ ಕಟ್ಟಡವನ್ನು ನೋಡಬೇಕು. ಸಣ್ಣ ಪ್ರಾಣಿಗಳಿಗೆಂದು ಮಾಡಿದ ವಾರ್ಮಿಂಟ್ ಗುಂಡಿನ ತಾಮ್ರದ ಹೊದಿಕೆ ಕಾಗದದಂತೆ ತೆಳು, ಒಳಗಿನ ಸೀಸ ಮೆದು. ಜಿಂಕೆಯ ಗುಂಡಿನ ಹೊದಿಕೆ ಬುಡದ ಕಡೆ ದಪ್ಪವಾಗುತ್ತ ಹೋಗುತ್ತದೆ. ಬಾಂಡೆಡ್ ಎಂಬ ಬಗೆಯಲ್ಲಿ ಸೀಸವನ್ನು ಹೊದಿಕೆಗೆ ಬೆಸೆದಿರುತ್ತಾರೆ. ಜಾನ್ ನೋಸ್ಲರ್ ಎಂಬವರು 1946ರಲ್ಲಿ ಮೂಸ್ (ಬಹುದೊಡ್ಡ ಜಾತಿಯ ಜಿಂಕೆ) ಬೇಟೆಯಲ್ಲಿ ತಮ್ಮ ಗುಂಡು ಒಳಹೊಗದೆ ಸೋತದ್ದನ್ನು ಕಂಡು, ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯೊಂದನ್ನು ಇಟ್ಟು ಪಾರ್ಟಿಶನ್ ಎಂಬ ಗುಂಡನ್ನು ರೂಪಿಸಿ 1948ರಲ್ಲಿ ಮಾರಾಟಕ್ಕೆ ತಂದರು. ಅಂತಹ ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಗೋಡೆಯ ಮುಂದೊಂದು, ಹಿಂದೊಂದು ಸೀಸದ ಕೋಣೆ ಕಾಣುತ್ತದೆ: ಮುಂದಿನದು ಒಡೆದು ಅರಳುತ್ತದೆ, ಹಿಂದಿನದು ಗೋಡೆಯ ಆಸರೆಯಲ್ಲಿ ಇಡಿಯಾಗಿ ಒಳನುಗ್ಗುತ್ತದೆ. ಪೂರ್ತಿ ತಾಮ್ರದಿಂದಲೇ ಮಾಡಿದ ಗುಂಡುಗಳು ಇನ್ನೊಂದು ಬಗೆ. ಇವು ತಮ್ಮ ತೂಕವನ್ನು ಬಹುಪಾಲು ಉಳಿಸಿಕೊಳ್ಳುವುದರಿಂದ ತುಸು ಹಗುರವಾದದ್ದನ್ನೇ ಆರಿಸಬಹುದು; .243ರಲ್ಲಿ 80 ಅಥವಾ 85 ಗ್ರೇನಿನ ತಾಮ್ರದ ಗುಂಡು ಜಿಂಕೆಗೆ ಸಮರ್ಥವಾದದ್ದು. ಮಾಂಸವನ್ನು ಮನೆಮಂದಿ ಉಣ್ಣುವುದಾದರೆ ಸೀಸದ ಚೂರು ಅದರಲ್ಲಿ ಸೇರದೆಂಬ ನೆಮ್ಮದಿಯೂ ಇದರಲ್ಲಿದೆ, ಮತ್ತು ಈ ಕಾರಣಕ್ಕಾಗಿಯೇ ನಾನು ತಾಮ್ರದ ಕಡೆಗೆ ವಾಲುತ್ತೇನೆ.

ನಳಿಗೆಯೊಳಗಿನ ಸುರುಳಿ

ನಳಿಗೆಯ ಒಳಮೈಯಲ್ಲಿ ಕೊರೆದಿರುವ ಸುರುಳಿ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಹೋಗುವಂತೆ ಮಾಡುತ್ತವೆ. ಎಷ್ಟು ಇಂಚಿಗೆ ಒಂದು ಸುತ್ತು ಎಂಬುದನ್ನು ಟ್ವಿಸ್ಟ್ ಎನ್ನುತ್ತಾರೆ: 1:12 ಎಂದರೆ 12 ಇಂಚಿಗೆ ಒಂದು ಸುತ್ತು, 1:8 ಎಂದರೆ 8 ಇಂಚಿಗೆ ಒಂದು. ಗುಂಡು ಉದ್ದವಾದಷ್ಟೂ ಬೇಗ ತಿರುಗಬೇಕು. ಎರಡು ಕೆಲಸದ ರೈಫಲ್ ಕೊಳ್ಳುವವರು ಬಹಳ ಸಲ ಕಡೆಗಣಿಸುವ ಸಂಗತಿ ಇದೇ. ಇದರ ಬೆಲೆಯನ್ನು ಒಂದು ಕಂಪನಿಯೇ ತೆತ್ತ ಕಥೆಯಿದೆ.

1955ರಲ್ಲಿ ವಿಂಚೆಸ್ಟರ್ ಮತ್ತು ರೆಮಿಂಗ್ಟನ್ ಎರಡೂ ಒಂದೇ ವ್ಯಾಸದ, ಅಂದರೆ 6 ಮಿಲಿಮೀಟರಿನ, ಹೊಸ ಕಾರ್ಟ್ರಿಡ್ಜ್‌ಗಳನ್ನು ಹೊರತಂದವು. ವಿಂಚೆಸ್ಟರಿನದು .243, ನಳಿಗೆಯ ಟ್ವಿಸ್ಟ್ 1:10. 100 ಗ್ರೇನಿನ ಜಿಂಕೆ ಗುಂಡನ್ನೂ ಅದು ನೆಟ್ಟಗೆ ಹಾರಿಸುತ್ತಿತ್ತು. ರೆಮಿಂಗ್ಟನ್ನಿನದು .244, ಕೋಶದಲ್ಲಿ ಮದ್ದಿಗೆ ಜಾಗ ತುಸು ಹೆಚ್ಚೇ ಇತ್ತು. ಆದರೆ ಅದನ್ನು ಮುಖ್ಯವಾಗಿ ಸಣ್ಣ ಪ್ರಾಣಿಗಳಿಗೆಂದು ಭಾವಿಸಿ 1:12 ಟ್ವಿಸ್ಟ್ ಕೊಟ್ಟು, 75 ಮತ್ತು 90 ಗ್ರೇನಿನ ಗುಂಡುಗಳನ್ನಷ್ಟೇ ಒದಗಿಸಿದರು. 100 ಗ್ರೇನಿನ ಮೊನಚು ಗುಂಡು ಆ ನಳಿಗೆಯಲ್ಲಿ ನಂಬಬಹುದಾದಷ್ಟು ಸ್ಥಿರವಾಗುತ್ತಿರಲಿಲ್ಲ. ಒಂದೇ ರೈಫಲ್ಲಿನಲ್ಲಿ ಎರಡೂ ಬೇಟೆಯಾಡಬೇಕೆಂದಿದ್ದ ಜನ .243ರ ಕಡೆಗೆ ಹೋದರು. 1963ರಲ್ಲಿ ರೆಮಿಂಗ್ಟನ್ ಅದೇ ಕಾರ್ಟ್ರಿಡ್ಜ್‌ಗೆ 6ಎಂಎಂ ರೆಮಿಂಗ್ಟನ್ ಎಂಬ ಹೊಸ ಹೆಸರಿಟ್ಟು, ಟ್ವಿಸ್ಟನ್ನು 1:9ಕ್ಕೆ ತಿದ್ದಿತಾದರೂ ಕಳೆದುಕೊಂಡ ಗಿರಾಕಿ ಮರಳಿ ಬರಲಿಲ್ಲ. ಇಂದಿಗೂ .243 ಎಲ್ಲೆಡೆ ಸಿಗುತ್ತದೆ, 6ಎಂಎಂ ರೆಮಿಂಗ್ಟನ್ ಹುಡುಕಬೇಕಾಗುತ್ತದೆ.

ಹಳೆಯ ರೈಫಲ್ ಕೊಳ್ಳುವವರಿಗೆ ಇದು ಬರೀ ಇತಿಹಾಸವಲ್ಲ. .22-250ರ ರೂಢಿಯ ಟ್ವಿಸ್ಟ್ 1:14, ಹಳೆಯ.223ಗಳಲ್ಲಿ 1:12 ಸಾಮಾನ್ಯ. ಇಂತಹ ನಳಿಗೆಗಳು 50, 55 ಗ್ರೇನಿನ ಕಯೋಟಿ ಗುಂಡಿಗೆ ಹೇಳಿ ಮಾಡಿಸಿದಂತಿದ್ದರೂ ಜಿಂಕೆಗೆ ಬೇಕಾದ ಉದ್ದನೆಯ ಗುಂಡನ್ನು ಸ್ಥಿರವಾಗಿ ಹಾರಿಸಲಾರವು; ಗುರಿಹಲಗೆಯ ಕಾಗದದಲ್ಲಿ ದುಂಡು ತೂತಿನ ಬದಲು ಓರೆಯಾದ, ಕೀಲಿಕೈಯ ಕಂಡಿಯಂತಹ ತೂತು ಬಿದ್ದರೆ ಗುಂಡು ಗಾಳಿಯಲ್ಲಿ ಮಗುಚುತ್ತಿದೆ ಎಂದೇ ಅರ್ಥ. ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿರುವುದರಿಂದ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಯಾವುದು ಯಾರಿಗೆ

.223 ರೆಮಿಂಗ್ಟನ್ ಕಯೋಟಿಗೆ ಅಗ್ಗದ, ಸೌಮ್ಯವಾದ, ಎಲ್ಲೆಡೆ ಸಿಗುವ ಆಯ್ಕೆ. 55 ಗ್ರೇನಿನ ಗುಂಡು 3,240 ಅಡಿ ವೇಗದಲ್ಲಿ ಹೊರಡುತ್ತದೆ. ಆದರೆ ನಳಿಗೆಯ ಬಾಯಲ್ಲಿ ಸುಮಾರು 1,280 ಅಡಿ-ಪೌಂಡ್ ಇರುವ ಅದರ ಶಕ್ತಿ 100 ಗಜ ತಲುಪುವಷ್ಟರಲ್ಲೇ 1,000ಕ್ಕಿಂತ ಕೆಳಗಿಳಿಯುತ್ತದೆ. ಜಿಂಕೆಗೆ 1,000 ಅಡಿ-ಪೌಂಡ್ ಎಂಬುದು ರೂಢಿಯ ಅಂದಾಜೇ ಹೊರತು ಪ್ರಕೃತಿಯ ನಿಯಮವಲ್ಲ. ಕಾನೂನು ಒಪ್ಪುವಲ್ಲಿ, 1:8ರಂತಹ ಟ್ವಿಸ್ಟ್ ಇರುವ ನಳಿಗೆಯಿಂದ ಗಟ್ಟಿ ಕಟ್ಟಡದ ಗುಂಡನ್ನು ಹತ್ತಿರದಿಂದ ಶ್ವಾಸಕೋಶಕ್ಕೇ ಇಡಬಲ್ಲ ಅನುಭವಿ ಅದರಿಂದ ಜಿಂಕೆ ಹೊಡೆಯಬಲ್ಲ. ಹೊಸಬರಿಗೆ ನಾನು ಅದನ್ನು ಜಿಂಕೆಗೆಂದು ಸೂಚಿಸುವುದಿಲ್ಲ. ಹೊಸಬರ ಕೈ ನಡುಗುವುದು ಸಹಜ, .223 ಆ ನಡುಕಕ್ಕೆ ಅವಕಾಶ ಕೊಡುವುದಿಲ್ಲ. .22-250ರ 55 ಗ್ರೇನಿನ ಗುಂಡಿಗೆ 3,680 ಅಡಿ ವೇಗವಿದ್ದು ಬಯಲಿನಲ್ಲಿ ದೂರದ ಕಯೋಟಿಗೆ ಅದು ಅತ್ಯುತ್ತಮ. ಜಿಂಕೆಯ ಮಟ್ಟಿಗೆ ಟ್ವಿಸ್ಟಿನ ತೊಡಕು ಮೇಲೆಯೇ ಹೇಳಿದ್ದೇನೆ.

.243 ವಿಂಚೆಸ್ಟರ್ ನನ್ನ ಮೊದಲ ಆಯ್ಕೆ. .308ರ ಕೋಶದ ಕತ್ತನ್ನು 6 ಮಿಲಿಮೀಟರಿಗೆ ಕಿರಿದುಗೊಳಿಸಿ ಮಾಡಿದ ಇದು 55ರಿಂದ 100 ಗ್ರೇನಿನವರೆಗೆ ಗುಂಡುಗಳನ್ನು ಚೆನ್ನಾಗಿ ಹಾರಿಸುತ್ತದೆ. 100 ಗ್ರೇನಿನ ಗುಂಡಿಗೆ ನಳಿಗೆಯ ಬಾಯಲ್ಲಿ 1,945 ಅಡಿ-ಪೌಂಡ್ ಶಕ್ತಿಯಿದ್ದು, 300 ಗಜದಲ್ಲೂ 1,000ಕ್ಕಿಂತ ತುಸು ಮೇಲೆಯೇ ಉಳಿಯುತ್ತದೆ. ದೊಡ್ಡ ಗಂಡು ಜಿಂಕೆ ಎದುರಾಗಿ ಅಥವಾ ಹಿಂದಿನಿಂದ ಓರೆಯಾಗಿ ನಿಂತಾಗ ಹೊಡೆಯುವ ಆತುರ ಮಾಡದೆ, ಪಕ್ಕಕ್ಕೆ ತಿರುಗುವವರೆಗೆ ಕಾಯುವ ತಾಳ್ಮೆಯಿರಬೇಕು, ಅಷ್ಟೇ. 6ಎಂಎಂ ಕ್ರೀಡ್‌ಮೂರ್ ಇದೇ ಕೆಲಸವನ್ನು ಹೆಚ್ಚು ಬಿಗಿಯಾದ ಟ್ವಿಸ್ಟಿನಲ್ಲಿ, ಉದ್ದನೆಯ ಗುಂಡುಗಳೊಡನೆ ಮಾಡುತ್ತದೆ; ಅದರ ತೋಟಾ .243ರಷ್ಟು ಸುಲಭವಾಗಿ ಸಿಗುವುದಿಲ್ಲ.

ಬೇಟೆಯಲ್ಲಿ ಜಿಂಕೆಯ ಪಾಲೇ ಹೆಚ್ಚು, ಕಯೋಟಿ ಅಪರೂಪಕ್ಕೆ ಎನ್ನುವವರು ಒಂದು ಮೆಟ್ಟಿಲು ಮೇಲೇರಬಹುದು. 1969ರಲ್ಲಿ ಕಾರ್ಖಾನೆಯ ರೂಪ ಪಡೆದ .25-06 ರೆಮಿಂಗ್ಟನ್ ಬಯಲುಸೀಮೆಗೆ ಅಚ್ಚುಕಟ್ಟಾದದ್ದು, ಆದರೆ ಅದಕ್ಕೆ ಉದ್ದನೆಯ ಆಕ್ಷನ್ (ತೋಟಾವನ್ನು ಒಳಸೇರಿಸಿ ಹಾರಿಸುವ ಯಂತ್ರಭಾಗ) ಬೇಕು. 6.5 ಕ್ರೀಡ್‌ಮೂರಿನ 140 ಗ್ರೇನ್ ಆಸುಪಾಸಿನ ಗುಂಡುಗಳು 2,700 ಅಡಿ ವೇಗದಲ್ಲಿ ಹೊರಟು ಗಾಳಿಗೆ ಕಡಿಮೆ ಬಾಗುತ್ತವೆ. ಜಿಂಕೆಗೆ ಯಾವ ಅನುಮಾನವೂ ಇಲ್ಲದೆ ಸಾಕು, ಕಯೋಟಿಗೆಂದು 95 ಗ್ರೇನಿನ ಹಗುರ ಗುಂಡೂ ಸಿಗುತ್ತದೆ. 7ಎಂಎಂ-08, .270, .308, .30-06 ಎಲ್ಲವೂ ಜಿಂಕೆಗೆ ದಶಕಗಳಿಂದ ಪರೀಕ್ಷಿತವಾದವು. ಮನೆಯಲ್ಲಿ ಇವುಗಳಲ್ಲಿ ಒಂದು ಈಗಾಗಲೇ ಇದ್ದರೆ ಕಯೋಟಿಗೆಂದು ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ನೇರಗೋಡೆಯ ಕಾರ್ಟ್ರಿಡ್ಜ್ ಮಾತ್ರ ಸಲ್ಲುವ ಕಡೆ 2019ರಲ್ಲಿ ಬಂದ .350 ಲೆಜೆಂಡ್ ಎರಡಕ್ಕೂ ಒದಗುತ್ತದೆ, ಕಯೋಟಿಯನ್ನು ಕೂಗು ಹಾಕಿ 150 ಗಜದೊಳಗೆ ಕರೆತರಬಲ್ಲವರಿಗೆ.

ತೊಗಲು ಮಾರುವ ಉದ್ದೇಶವಿದ್ದರೆ ಲೆಕ್ಕವೇ ಬೇರೆ. .204 ರೂಗರ್ ಅಥವಾ .223 ಮಾಡುವ ಗಾಯವನ್ನು ಹೊಲಿಯಬಹುದು; .243ರ ವಾರ್ಮಿಂಟ್ ಗುಂಡು ತುಪ್ಪಳದಲ್ಲಿ ಅಂಗೈಯಗಲ ತೂತು ಮಾಡಬಲ್ಲದು. ಇಂತಹವರಿಗೆ ಎರಡು ರೈಫಲ್ ಇಟ್ಟುಕೊಳ್ಳುವುದೇ ಸರಿ.

ಒದೆತ

ಎಂಟು ಪೌಂಡ್ ಆಸುಪಾಸಿನ ರೈಫಲ್ಲಿನಲ್ಲಿ .223ರ ಒದೆತ ಸುಮಾರು 3ರಿಂದ 4 ಅಡಿ-ಪೌಂಡ್, .243ರದು 9ರ ಸುಮಾರು, 6.5 ಕ್ರೀಡ್‌ಮೂರಿನದು 12ರ ಸುಮಾರು, .308ರದು 16ರಿಂದ 17, .30-06ರದು 20ರ ಹತ್ತಿರ. ಗಂಡುಗುಂಡಿಗೆಯ ಪ್ರಶ್ನೆ ಇದಲ್ಲ. ಭುಜಕ್ಕೆ ಪೆಟ್ಟು ಬೀಳುತ್ತದೆಂದು ದೇಹಕ್ಕೆ ಒಮ್ಮೆ ಗೊತ್ತಾದರೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ಗುಂಡು ಕೆಳಗೆ ಹೋಗುತ್ತದೆ. ಇದನ್ನು ಪರೀಕ್ಷಿಸಲು ಗೆಳೆಯರೊಬ್ಬರು ನಿಮಗೆ ತಿಳಿಯದಂತೆ ಅಭ್ಯಾಸದ ಖಾಲಿ ತೋಟಾವೊಂದನ್ನು ನಡುವೆ ಸೇರಿಸಿಕೊಡಲಿ. ಆ ಸರದಿ ಬಂದಾಗ ನಳಿಗೆ ಕದಲದೆ ನಿಂತರೆ ಆ ಕ್ಯಾಲಿಬರ್ ನಿಮ್ಮ ಕೈಗೆ ಒಗ್ಗಿದೆ, ಮೂತಿ ಕೆಳಗೆ ಕುಕ್ಕಿದರೆ ಒಂದು ಮೆಟ್ಟಿಲು ಇಳಿಯಬೇಕು. ಹದವಾದ ಒದೆತಕ್ಕೆ ಇನ್ನೊಂದು ಪ್ರಯೋಜನವಿದೆ: ಕಯೋಟಿಗಳು ಜೋಡಿಯಾಗಿ ಬಂದಾಗ ಮೊದಲನೆಯದರ ಗತಿ ಏನಾಯಿತೆಂದು ಸ್ಕೋಪಿನಲ್ಲೇ ಕಾಣಿಸುತ್ತದೆ.

ದೂರ ಮತ್ತು ಗಾಳಿ

.243ರ 100 ಗ್ರೇನಿನ ಗುಂಡನ್ನು 200 ಗಜಕ್ಕೆ ಹೊಂದಿಸಿದರೆ 100 ಗಜದಲ್ಲಿ ಎರಡು ಇಂಚಿಗೆ ತುಸು ಕಡಿಮೆ ಮೇಲೆ, 300 ಗಜದಲ್ಲಿ ಸುಮಾರು ಏಳು ಇಂಚು ಕೆಳಗೆ ಬೀಳುತ್ತದೆ. ಜಿಂಕೆಯ ಎದೆಯಲ್ಲಿ ಸುಮಾರು ಎಂಟು ಇಂಚಿನ ಗುರಿಯಿರುವುದರಿಂದ 250 ಗಜದವರೆಗೂ ನಡುಮಧ್ಯಕ್ಕೇ ಗುರಿ ಹಿಡಿಯಬಹುದು. ಕಯೋಟಿಗೆ ಅಷ್ಟು ಸಲಿಗೆಯಿಲ್ಲ. ಬೀಳುವಿಕೆಯನ್ನು ಲೆಕ್ಕ ಹಾಕಬಹುದು, ಗಾಳಿಯನ್ನು ಅಂದಾಜಿಸುವುದು ಕಷ್ಟ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ .223ರ 55 ಗ್ರೇನಿನ ಗುಂಡನ್ನು 300 ಗಜದಲ್ಲಿ ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ಕಯೋಟಿಯ ಎದೆಗೆ ಇಟ್ಟ ಗುರಿ ಅದರ ಹೊಟ್ಟೆಗೋ ಬಯಲಿಗೋ ಹೋಗುತ್ತದೆ. 6 ಮಿಲಿಮೀಟರಿನ ಭಾರದ ಗುಂಡು ಅದೇ ಗಾಳಿಯಲ್ಲಿ ಒಂಬತ್ತು ಇಂಚಿನ ಆಸುಪಾಸಿನಲ್ಲಿ ಉಳಿಯುತ್ತದೆ.

ಗುಂಡಿನ ಹಿಂದೆ ಏನಿದೆ ಎಂಬುದನ್ನೂ ಕ್ಯಾಲಿಬರಿನೊಡನೆ ಯೋಚಿಸಬೇಕು. ಜಿಂಕೆಯ ಗುಂಡು ಕಯೋಟಿಯ ಮೈಯನ್ನು ದಾಟಿ ಮುಂದಕ್ಕೆ ಹೋಗುತ್ತದೆ, ಗುರಿ ತಪ್ಪಿದರೆ ಮೈಲುಗಟ್ಟಲೆ ಹೋಗಬಲ್ಲದು. ಮನೆ, ದನಕರು, ರಸ್ತೆ ಇರುವ ಹೊಲಗಳಲ್ಲಿ ಕಯೋಟಿ ಬೇಟೆಯಾಡುವಾಗ ಬೇಗ ಚೂರಾಗುವ ಹಗುರ ಗುಂಡು ವಾಸಿ. ಯಾವ ಗುಂಡಾದರೂ ಸರಿ, ಹಿಂದೆ ಮಣ್ಣಿನ ದಿಬ್ಬವೋ ಇಳಿಜಾರೋ ಇಲ್ಲದಿದ್ದರೆ ಹಾರಿಸಕೂಡದು.

ಕೊಂಡ ಮೇಲೆ

ಎರಡು ಬಗೆಯ ಗುಂಡುಗಳನ್ನು ಬಳಸುವವರು ಅವೆರಡೂ ಒಂದೇ ಜಾಗಕ್ಕೆ ಬೀಳುತ್ತವೆಂದು ನಂಬಬಾರದು. 58 ಗ್ರೇನಿನದಕ್ಕೂ 100 ಗ್ರೇನಿನದಕ್ಕೂ 100 ಗಜದಲ್ಲೇ ಎರಡು ಮೂರು ಇಂಚಿನ ಅಂತರ ಬರಬಹುದು, ಅದೂ ಮೇಲೆ ಕೆಳಗೆ ಮಾತ್ರವಲ್ಲ, ಎಡಕ್ಕೆ ಬಲಕ್ಕೂ. ಜಿಂಕೆಯ ಋತು ಮುಗಿದು ಕಯೋಟಿಗೆ ಹೊರಡುವಾಗ ಸ್ಕೋಪನ್ನು ಹೊಸ ಗುಂಡಿಗೆ ಮತ್ತೆ ಹೊಂದಿಸಬೇಕು. ಇದು ರಗಳೆಯೆನಿಸಿದರೆ .243ರಲ್ಲಿ 80ರಿಂದ 90 ಗ್ರೇನಿನ, ಜಿಂಕೆಗೆಂದೇ ಮಾಡಿದ ಒಂದೇ ಗುಂಡನ್ನು ವರ್ಷವಿಡೀ ಎರಡಕ್ಕೂ ಬಳಸಬಹುದು. ನಾನು ಈಗ ಮಾಡುತ್ತಿರುವುದು ಅದನ್ನೇ.

ಒಂದೇ ರೈಫಲ್ ಒಂದು ಕಂಪನಿಯ ತೋಟಾವನ್ನು ಇಂಚಿನ ಅಗಲಕ್ಕೆ ಕೂಡಿಸಿ, ಇನ್ನೊಂದರದನ್ನು ಮೂರು ಇಂಚಿಗೆ ಚದುರಿಸುವುದುಂಟು. ಮೂರು ನಾಲ್ಕು ಬಗೆಯವನ್ನು ಒಂದೊಂದು ಪೆಟ್ಟಿಗೆ ತಂದು, ಪ್ರತಿ ಮೂರು ಈಡಿಗೆ ನಳಿಗೆಯನ್ನು ತಣಿಯಲು ಬಿಟ್ಟು, 100 ಗಜದಲ್ಲಿ ಪರೀಕ್ಷಿಸಬೇಕು. ಚೆನ್ನಾಗಿ ಕೂಡಿದ್ದನ್ನು ಆರಿಸಿಕೊಂಡ ಬಳಿಕ ಬೆಂಚನ್ನು ಬಿಟ್ಟೇಳಬೇಕು: ನೆಲದ ಮೇಲೆ ಕುಳಿತು, ಕವಲುಗೋಲಿಗೆ ನಳಿಗೆಯ ಕೆಳಗಿನ ಹಿಡಿಯನ್ನು ಆನಿಸಿ, ಚಳಿಗಾಲದ ದಪ್ಪ ಅಂಗಿ ತೊಟ್ಟು ಹಾರಿಸಬೇಕು. ಎಂಟು ಇಂಚಿನ ಕಾಗದದ ತಟ್ಟೆಯೊಂದನ್ನು ನಿಲ್ಲಿಸಿ, ಹತ್ತಕ್ಕೆ ಹತ್ತು ಗುಂಡು ಅದರೊಳಗೆ ಬೀಳುವ ದೂರವೆಷ್ಟೆಂದು ಗುರುತು ಮಾಡಿಕೊಳ್ಳಿ. ಜಿಂಕೆಗೆ ನಿಮ್ಮ ಮಿತಿ ಅಷ್ಟು. ಕಯೋಟಿಗೆ ತಟ್ಟೆಯನ್ನು ಅರ್ಧಕ್ಕೆ ಕತ್ತರಿಸಿ, ಅದನ್ನು ಮತ್ತೆ ನಡುವಿನಲ್ಲಿ ಮಡಚಿ ನಿಲ್ಲಿಸಿ ಮತ್ತೊಮ್ಮೆ ಅಳೆಯಿರಿ.